ಪ್ಲಗ್ ಕಿತ್ತ ಮೇಲೆ

ಕಚೇರಿಯವರು ಅವಳಿಗಿಟ್ಟ ಹೆಸರು ಕೊಂಕಮ್ಮ. ಕಾಗದ ಕತ್ತರಿಸುವ ಯಂತ್ರಗಳ ಕಂಟ್ರೋಲ್ ಬೋರ್ಡ್ ಪರೀಕ್ಷಿಸುವುದು ಅವಳ ಕೆಲಸ. ಕೊಂಕು ತೆಗೆಯಲೆಂದೇ ಸಂಬಳ ಕೊಟ್ಟು, ತೆಗೆದರೆ ಗೊಣಗುವ ಜನ!

ಉಳಿದವರು ಬೋರ್ಡಿನ ವೈರುಗಳನ್ನೆಲ್ಲ ಬಿಚ್ಚಿ 'ಆಫ್ ಆಯಿತು' ಎಂದು ಬರೆಯುತ್ತಿದ್ದರು. ಇವಳು ಕೀಳುತ್ತಿದ್ದುದು ಪ್ಲಗ್ ಒಂದನ್ನೇ. ಯಾಕೆಂದರೆ ಪ್ರೆಸ್ಸಿನಲ್ಲಿ ಅಂಥದೇ ಯಂತ್ರ ನಡೆಸುವ ಅವಳ ಅಕ್ಕ, ಬ್ಲೇಡ್ ಒರೆಸುವ ಮುಂಚೆ ಬೋರ್ಡಿರುವ ಕಂಟ್ರೋಲ್ ಪೆಟ್ಟಿಗೆಯ ಪ್ಲಗ್ಗನ್ನಷ್ಟೇ ಕೀಳುತ್ತಿದ್ದಳು. ಬ್ಲೇಡಿಗೆ ಬೇರೆ ಲೈನಿನ ಕರೆಂಟು. ಪೆಟ್ಟಿಗೆ ಸತ್ತರೆ ಅದಕ್ಕೆ ಅಪ್ಪಣೆ ಕೊಡುವವರಿಲ್ಲ.

ಬ್ಲೇಡಿಗೆ ಅಪ್ಪಣೆ ಕೊಡುವ, ರಿಸ್ಕ್ ಜಾತಿಯ ಹೊಸ ಪ್ರೊಸೆಸರ್ ಚಿಪ್ ಬಂದ ದಿನ ಮ್ಯಾನೇಜರ್ ಹಿರಿಹಿರಿ ಹಿಗ್ಗಿದ.

"ಚಿಲ್ಲರೆ ಕಾಸಿಗೆ ಸಿಗುತ್ತೆ. ಕರೆಂಟಂತೂ ಕುಡಿಯೋದೇ ಇಲ್ಲ!"

"ಕುಡಿಯೋದೇ ಇಲ್ಲ ಅನ್ನೋರ ಮೇಲೇ ನಂಗೆ ಅನುಮಾನ ಸಾರ್."

ಆ ಚಿಪ್ಪಿನ ಬೋರ್ಡನ್ನು ಅವಳು ಪರೀಕ್ಷೆಗಿಟ್ಟಳು. ಜಾಹೀರಾತಿನ ವೇಗ ಅರ್ಧ ಬುರುಡೆ ಎಂದು ಬೇಗನೇ ಗೊತ್ತಾಯಿತು. ಸಮಾಧಾನದಿಂದ ಪ್ಲಗ್ ಕಿತ್ತಳು. ಬೋರ್ಡಿನ ಕೆಂಪು ದೀಪ ಆರಿತು. ಆದರೆ ಪರೀಕ್ಷೆಗಾಗಿ ಅವಳೇ ಬರೆದ ಪದ, ಬೇರೆ ಕರೆಂಟಿನ ಪರದೆಯ ಮೇಲೆ ಮೂಡುತ್ತಲೇ ಇತ್ತು.

ಇದ್ದೇನೆ. ಇದ್ದೇನೆ. ಇದ್ದೇನೆ.

ಅವಳು ಕೈ ನೋಡಿಕೊಂಡಳು. ಪ್ಲಗ್ ಕೈಯಲ್ಲೇ ಇದೆ. ಚಿಪ್ಪನ್ನು ಮುಟ್ಟಿದಳು, ತಣ್ಣಗಿತ್ತು. ಫ್ಯಾನ್ ನಿಲ್ಲಿಸಿ ಕಿವಿಗೊಟ್ಟಳು, ಸದ್ದಿಲ್ಲ. ಆ ಹಾಳು ಪದ ಮಾತ್ರ ಸಾಲು ಸಾಲಾಗಿ ಮೇಲೇರುತ್ತಿತ್ತು. ಉಳಿದಿದ್ದ ವೈರುಗಳಲ್ಲಿ, ಬ್ಲೇಡಿಗೆ ಕೈ ಅಡ್ಡ ಬಂದರೆ ತಿಳಿಸುವ ಸೆನ್ಸರಿನದೂ ಇತ್ತು; ಸೆನ್ಸರಿಗೂ ಬೇರೆ ಲೈನಿನ ಕರೆಂಟು. ಅದನ್ನು ಎಳೆದಳು. ಪದ ನಡುವೆಯೇ ತುಂಡಾಯಿತು: ಇದ್ದೇ

ಸೆನ್ಸರಿನ ವೈರಿನಿಂದ ತೊಟ್ಟು ತೊಟ್ಟು ಕರೆಂಟು ಹೀರಿ ಬದುಕಿತ್ತು ಆ ಚಿಪ್. ಅರೆಹೊಟ್ಟೆಯಲ್ಲಿರುವ ಚಿಪ್ ಯಾವಾಗ ಯಾವ ಅಪ್ಪಣೆ ಕೊಟ್ಟೀತೆಂದು ಹೇಳುವವರಾರು?

ವಿಷಯ ಕೇಳಿ ಮ್ಯಾನೇಜರ್ ನಕ್ಕುಬಿಟ್ಟ. "ಎಷ್ಟು ಕಮ್ಮಿ ಕರೆಂಟು ಸಾಕು ನೋಡಿ! ಪ್ರಯೋಗಕ್ಕೆ ಅಂತ ನಿಮ್ಮಕ್ಕನ ಪ್ರೆಸ್ಸಿಗೆ ಆಗ್ಲೇ ಒಂದು ಹಾಕಿಸಿದ್ದೀನಿ."

ಅವಳು ಫೋನಿಗೆ ಹಾರಿದಳು. ಅತ್ತಲಿಂದ ಉತ್ತರವಿಲ್ಲ. ದೇವರೇ, ಎತ್ತೇ ಅಕ್ಕ, ಎತ್ತೇ ಎಂದು ಗೋಗರೆದಳು. ಕೊನೆಗೆ ಅಕ್ಕ ಎತ್ತಿದಳು.

"ಏನೇ ಪುಟ್ಟಿ? ಬ್ಲೇಡ್ ಒರೆಸ್ತಾ ಇದ್ದೆ, ಒಂದೇ ಸಮ ಬಡ್ಕೊಂತಿದ್ದೀಯಲ್ಲ."

"ಅಕ್ಕಾ, ಕೈ ಹೊರಗಿದೆಯಾ? ಎರಡೂ?"

"ಹೊರಗೇ ಇವೆ. ಫೋನು ಒಂದ್ರಲ್ಲಿ, ಬಟ್ಟೆ ಒಂದ್ರಲ್ಲಿ. ಯಾಕೆ, ಏನಾಯ್ತು?"

ಅವಳು ಬಾಯಿ ತೆರೆಯುವಷ್ಟರಲ್ಲಿ ಫೋನಿನಲ್ಲಿ ಧಡ್ ಎಂದು ಬ್ಲೇಡ್ ಬಿದ್ದ ಸದ್ದು ಕೇಳಿಸಿತು.



"ಪುಟ್ಟಿ," ಅಕ್ಕನ ದನಿ ಎಲ್ಲೋ ದೂರದಿಂದ ಬಂದಂತಿತ್ತು, "ಪ್ಲಗ್ ಕಿತ್ತಿದ್ದೆ ಕಣೇ. ಇಗೋ, ಇಲ್ಲೇ ನೆಲದ ಮೇಲೆ ಬಿದ್ದಿದೆ."