ಕಿಟಕಿಗೆ ಕಟ್ಟಿದ ಜಮಖಾನ

ಮೊದಲು ಗಂಟಲಲ್ಲಿ ಸಿಕ್ಕಿಕೊಂಡದ್ದು ಚಪಾತಿ. ಆಮೇಲೆ ಅನ್ನ. ಗಬಗಬ ತಿಂದರೆ ಇನ್ನೇನಾಗುತ್ತದೆ ಎಂದು ನನ್ನ ಗಂಡ ಶ್ರೀಧರರನ್ನು ಬೈದೆ. ಎಂಡೋಸ್ಕೋಪಿ ಆಯಿತು.

ಅನ್ನನಾಳದ ಕ್ಯಾನ್ಸರ್.

ಹಾರ್ಟ್ ವೀಕ್, ಸರ್ಜರಿ ಸಾಧ್ಯವಿಲ್ಲ ಎಂದರು. ಕೀಮೋಗೆ ಗಡ್ಡೆ ಬಗ್ಗಲಿಲ್ಲ. ನೀರೂ ಇಳಿಯದಾದಾಗ ನಾನು ಅಡುಗೆಮನೆಯಲ್ಲಿ ಕದ್ದು ತಿನ್ನುತ್ತಿದ್ದೆ. ಅವರೆದುರು ಅಗಿಯಲು ನಾಚಿಕೆ. ಸಂಕಟ ಬಂದಾಗ ವೆಂಕಟರಮಣ ಎನ್ನುತ್ತಾರಲ್ಲ, ನಾನು ಬಸವನಗುಡಿಯ ಯಾವ ದೇವರನ್ನೂ ಬಿಡಲಿಲ್ಲ.

ಆಗ ಡಾಕ್ಟರ್ ಹೊಸ ಚಿಕಿತ್ಸೆಯೊಂದರ ಟ್ರಯಲ್ ಬಗ್ಗೆ ಹೇಳಿದರು. ಲೋಹ ಸೇರಿಸಿ ಮಾಡಿದ ಔಷಧಿ. ರಕ್ತಕ್ಕೆ ಕೊಟ್ಟರೆ ಗಡ್ಡೆಯಲ್ಲಿ ಹೆಚ್ಚು ನಿಲ್ಲುತ್ತದೆ. ನೀಲಿ ಬೆಳಕು ಬಿಟ್ಟರೆ ಅಲ್ಲೇ ಹೊಳೆದು ಗಡ್ಡೆಯ ಅಂಚು ತೋರಿಸುತ್ತದೆ, ಕೆಂಪು ಲೇಸರ್ ಬಿಟ್ಟರೆ ಅದನ್ನೇ ಸುಡುತ್ತದೆ. ಒಪ್ಪಿದೆವು. ನೀಲಿ ಬೆಳಕು ಬಿಟ್ಟಾಗ ಮಾನಿಟರಿನಲ್ಲಿ ನನಗೂ ತೋರಿಸಿದರು. ನನ್ನ ಗಂಡನ ಎದೆಯೊಳಗೆ ಗಡ್ಡೆ ಕೆಂಪಗೆ ಮಿನುಗುತ್ತಿತ್ತು. ಹಾಳಾದ್ದು, ನೋಡಲು ಚೆಂದವಿತ್ತು.

ಲೇಸರ್ ಮುಗಿಸಿ ಡಿಸ್ಚಾರ್ಜ್ ಮಾಡುವಾಗ ಡಾಕ್ಟರ್, "ಔಷಧಿ ಚರ್ಮದಲ್ಲೂ ಇರತ್ತೆ ಮೇಡಂ. ಬಿಸಿಲು ಬಿದ್ರೆ ಸುಟ್ಟ ಹಾಗಾಗತ್ತೆ, ಹುಷಾರು" ಎಂದರು. ನನಗೆ ಅಷ್ಟೇ ಸಾಕಾಯಿತು. ಕಿಟಕಿಗಳಿಗೆ ಜಮಖಾನ ಕಟ್ಟಿದೆ. ಟ್ಯೂಬ್‌ಲೈಟ್ ಆರಿಸಿದೆ. ಮುಸ್ಸಂಜೆ ದೇವರ ದೀಪವನ್ನೂ ಹಚ್ಚಲಿಲ್ಲ. ಮದುವೆಯಾಗಿ ಈ ಮನೆಗೆ ಬಂದ ಮೇಲೆ ಅದು ತಪ್ಪಿದ್ದು ಅದೇ ಮೊದಲು. ಕೋಪವಿದ್ದರೆ ನನ್ನ ಮೇಲಿರಲಿ ಎಂದು ಕತ್ತಲಲ್ಲೇ ಕೈಮುಗಿದೆ. ನನ್ನ ಗಂಡ ಮಾತು ಬಿಟ್ಟರು. ಗೋಡೆಯ ಕಡೆ ತಿರುಗಿ ಮಲಗಿದರು. ಉಸಿರಾಡುತ್ತಿದ್ದಾರಾ ಎಂದು ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತಿದ್ದೆ. ನನಗೆ ಹುಚ್ಚು ಹಿಡಿಯುವುದೊಂದು ಬಾಕಿಯಿತ್ತು.

ಕೆಲವು ದಿನ ಬಿಟ್ಟು ಡಾಕ್ಟರ್ ಫೋನ್ ಮಾಡಿದರು. ಜಮಖಾನದಿಂದ ದೀಪದವರೆಗೆ ಎಲ್ಲವನ್ನೂ ಜಂಬದಿಂದ ಹೇಳಿದೆ.

"ಅಯ್ಯೋ, ಕತ್ತಲೆ ಮಾಡ್ಬೇಡಿ ಮೇಡಂ! ಬಿಸಿಲು ಮಾತ್ರ ಬೇಡ ಅಂದಿದ್ದು. ಮನೆಯೊಳಗಿನ ಮಾಮೂಲಿ ಬೆಳಕು ಬೇಕೇ ಬೇಕು. ಅದು ಬಿದ್ರೇನೇ ಚರ್ಮದಲ್ಲಿರೋ ಔಷಧಿ ನಿಧಾನಕ್ಕೆ ಕಮ್ಮಿ ಆಗೋದು."

ಗಂಡನನ್ನು ಕಾಪಾಡುತ್ತೇನೆಂದು ಔಷಧಿಯನ್ನು ಕಾಪಾಡಿದ್ದೆ.

ಫೋನ್ ಇಟ್ಟು ಗಟ್ಟಿಯಾಗಿ ಅತ್ತೆ. ಜಮಖಾನ ಕಿತ್ತು, ಬಿಸಿಲು ಬೀಳದಂತೆ ತೆಳು ಪರದೆ ಎಳೆದೆ. ದೀಪ ಹಚ್ಚುವ ಅವಸರದಲ್ಲಿ ಎಣ್ಣೆ ಚೆಲ್ಲಿದೆ. ಅವರು ಮೆಲ್ಲಗೆ ಎದ್ದು ಕೂತು ನನ್ನನ್ನೇ ನೋಡಿದರು.

"ಏನೇ ವಸುಧಾ ಇದು ಅವತಾರ? ತಲೆ ಬಾಚ್ಕೋಬಾರ್ದಾ? ನಾನಿನ್ನೂ ಇದೀನಿ ಕಣೆ."

ಈಗ ಗಂಜಿ ಇಳಿಯುತ್ತಿದೆ. ವಾಸಿಯಾಯಿತೆಂದು ಯಾರೂ ಹೇಳಿಲ್ಲ, ನಾನೂ ಕೇಳುತ್ತಿಲ್ಲ. ದಿನಾ ಬೆಳಿಗ್ಗೆ ಎದ್ದ ತಕ್ಷಣ ತಲೆ ಬಾಚಿಕೊಳ್ಳುತ್ತೇನೆ.