ನಮ್ಮ ಮನೆಗೆ ಪ್ಲೇಗು ಬಂದದ್ದು

ಗೆಣಸು ಬೇಯುವ ವಾಸನೆ ಮೂಗಿಗೆ ಬಿದ್ದರೆ ನಿಮಗೆ ಸಂಕ್ರಾಂತಿ ನೆನಪಾಗಬಹುದು. ನನಗೆ ಪ್ಲೇಗು ನೆನಪಾಗುತ್ತದೆ. ಇವತ್ತು ಬೆಳಿಗ್ಗೆ ಕುಕ್ಕರಿನ ಮುಚ್ಚಳ ತೆಗೆದಾಗಲೂ ಹಾಗೇ ಆಯಿತು. ಗಾಬರಿಯಾಗಬೇಡಿ, ನನಗೆ ಆ ರೋಗ ಬಂದಿರಲಿಲ್ಲ. ನಮ್ಮ ಗುಂಡ್ಲುಪೇಟೆಯಲ್ಲಿ ಯಾರಿಗೂ ಬಂದಿರಲಿಲ್ಲ. ಬಂದಿದ್ದು ನಮ್ಮಪ್ಪನ ತಲೆಗೆ ಮಾತ್ರ.

ತೊಂಬತ್ತರ ದಶಕದ ನಡುವಿನ ಮಾತು. ನಾನಾಗ ಹೈಸ್ಕೂಲಿನಲ್ಲಿದ್ದೆ. ಎಲ್ಲೋ ಉತ್ತರದ ಊರಿನಲ್ಲಿ ಪ್ಲೇಗಂತೆ ಎಂದು ಪತ್ರಿಕೆಗಳು ಬರೆದವು. ಗುಮಾಸ್ತರಾಗಿದ್ದ ಅಪ್ಪ ಕಚೇರಿಯ ಕಡತಕ್ಕಿಂತ ಹೆಚ್ಚು ಶ್ರದ್ಧೆಯಿಂದ ಪತ್ರಿಕೆ ಓದುತ್ತಿದ್ದರು. ಅಂದು ಸಂಜೆ ಬಂದವರೇ ಶರಟು ಕೂಡ ಬಿಚ್ಚದೆ ಆಜ್ಞೆ ಹೊರಡಿಸಿದರು.

"ನಾಳೆಯಿಂದ ಹೊರಗಿನ ಪದಾರ್ಥ ಈ ಮನೆಯೊಳಕ್ಕೆ ಬರಕೂಡದು. ಏನು ಬೇಕೋ ಹಿತ್ತಲಲ್ಲೇ ಬೆಳಕೊಳ್ಳನ."

ಅಲ್ಲಿಯವರೆಗಿನ ಅವರ ಕೃಷಿಯ ಅನುಭವವೆಂದರೆ ತುಳಸಿಗೆ ಒಂದು ಚೊಂಬು ನೀರು ಹಾಕಿದ್ದು.

ಆಜ್ಞೆಗೆ ವಿನಾಯಿತಿಗಳೂ ಇದ್ದವು. ಹಂಗಳದ ಅಜ್ಜಿ ಮನೆಯಿಂದ ಬರುವ ರಾಗಿಗೆ ರೋಗ ತಗಲುವುದಿಲ್ಲ. ಅದು ಹೆಣ್ಣು ಕೊಟ್ಟ ಮನೆಯ ರಾಗಿ. ಕಾಫಿಪುಡಿಗೂ ಹಾಲಿಗೂ ತಗಲುವುದಿಲ್ಲ. ಅಪ್ಪ ಹಾಕಿಕೊಳ್ಳುವ ಎಲೆಅಡಿಕೆಯ ಹತ್ತಿರವಂತೂ ರೋಗ ಸುಳಿಯುವುದೇ ಇಲ್ಲ. ತಗಲುವುದು ತರಕಾರಿಗೆ, ಅದರಲ್ಲೂ ಪಕ್ಕದ ಮನೆಯ ತರಕಾರಿಗೆ.

ಪಕ್ಕದ ಮನೆಯ ಸತ್ತಾರ್ ಭಾಯಿ ತರಕಾರಿ ವ್ಯಾಪಾರಿ. ಬಂಡೀಪುರದ ಕಾಡು ದಾಟಿಸಿ ಕೇರಳಕ್ಕೆ ಲಾರಿಗಟ್ಟಲೆ ಕಳಿಸುತ್ತಿದ್ದರು. ಉಳಿದ ಬದನೆ, ಹುರುಳಿಕಾಯಿಯನ್ನು ಅವರ ಹೆಂಡತಿ ಖೈರುನ್ ಆಂಟಿ ಎರಡು ಹಿತ್ತಲುಗಳ ನಡುವಿನ ಮುರುಕು ಗೋಡೆಯ ಸಂದಿಯಿಂದ ಅವ್ವನಿಗೆ ದಾಟಿಸುತ್ತಿದ್ದರು. "ಹತ್ತೂರು ಸುತ್ತೋ ಲಾರಿ ಅದು" ಎಂದು ಅಪ್ಪ ಆ ಸಂದಿಗೆ ಮುಳ್ಳು ತುಂಬಿದರು.

ಆಚೆಯಿಂದ ಖೈರುನ್ ಆಂಟಿ ಕೇಳಿದರು. "ಅಕ್ಕಾ, ನಮ್ ಮೇಲೆ ಏನಾರ ಬೇಜಾರಾ?"

"ಇಲ್ಲ ಕಣವ್ವ. ಇವ್ರು ಯವಸಾಯ ಮಾಡ್ತಾವ್ರೆ" ಎಂದಳು ಅವ್ವ.

ವ್ಯವಸಾಯ ಎಂದರೆ ಗೆಣಸಿನ ಬಳ್ಳಿ. ಗಡ್ಡೆ ಬಿಡಲು ತಿಂಗಳುಗಳು ಬೇಕು ಎಂಬುದು ಅಪ್ಪನಿಗೆ ನೆಟ್ಟ ಮೇಲೆ ತಿಳಿಯಿತು. ಅಲ್ಲಿಯವರೆಗೆ ಹೊಟ್ಟೆಗೆ? ಅವ್ವ ಬೇಲಿಸಾಲಲ್ಲಿ ಅಣ್ಣೆಸೊಪ್ಪು, ಹೊನಗೊನೆ ಸೊಪ್ಪು ಕೀಳುತ್ತಿದ್ದಳು. ನಾನು ಕುಕ್ಕೆ ಹಿಡಿದು ಹಿಂದೆ ಹೋಗುತ್ತಿದ್ದೆ. ಬೆಳಿಗ್ಗೆ ಸೊಪ್ಪು ಹಾಕಿದ ರೊಟ್ಟಿ, ಮಧ್ಯಾಹ್ನ ಮಸ್ಸೊಪ್ಪು, ರಾತ್ರಿ ಅದೇ ಮಸ್ಸೊಪ್ಪಿನ ಪುನರ್ಜನ್ಮ. ಅಷ್ಟರಲ್ಲಿ ಪತ್ರಿಕೆಗಳು ಪ್ಲೇಗನ್ನು ಮರೆತು ಚುನಾವಣೆಯ ಕಡೆ ಹೊರಟುಹೋದವು. ಅಪ್ಪ ಮಾತ್ರ ಮರೆಯಲಿಲ್ಲ.

ಕೊನೆಗೊಂದು ದಿನ ಜಡಿಮಳೆಯಲ್ಲೇ ನೆನೆಯುತ್ತ ಗೆಣಸು ಅಗೆದರು. ಬಂದ ಬೆಳೆಯನ್ನು ನಡುಮನೆಯ ಮೂಲೆಯಲ್ಲಿ ಗುಡ್ಡೆ ಹಾಕಿ, ಬಂದುಹೋದವರಿಗೆಲ್ಲ ಕಾಣುವಂತೆ ದೀಪವನ್ನೂ ಹಾಕಿಟ್ಟರು. ಜನ ನೋಡಿದರೋ ಇಲ್ಲವೋ, ಇಲಿಗಳು ನೋಡಿದವು. ಪ್ಲೇಗಿಗೆ ಹೆದರಿ ಇಲಿ ಸಾಕಿದವರು ಇಡೀ ಬೀದಿಯಲ್ಲಿ ನಾವೊಬ್ಬರೇ.

ಎರಡು ದಿನ ಕಳೆದು ಹಂಡೆಒಲೆಯ ಪಕ್ಕ ಒಂದು ಇಲಿ ಸತ್ತುಬಿದ್ದಿತ್ತು. ಅಪ್ಪ ಬಿಳಿಚಿಕೊಂಡರು.

"ನಾನೇ ಪಾಸಾಣ ಮಡಗಿದ್ದು ಕಣ್ರೀ. ಅದ್ಕೇ ಸತ್ತದೆ" ಎಂದಳು ಅವ್ವ.

"ಪಾಷಾಣದಿಂದಲೇ ಸತ್ತೆ ಅಂತ ಇಲಿ ನಿನಗೆ ಹೇಳ್ತಾ?"

ಸಂಜೆಯ ಹೊತ್ತಿಗೆ ಅಪ್ಪನ ಮೈ ಕಾದ ಹಂಚಿನಂತಿತ್ತು. ಯಾರೂ ಹತ್ತಿರ ಬರಬಾರದೆಂದು ಹೇಳಿ, ಹಿತ್ತಲಿನ ಸೌದೆ ಕೊಟ್ಟಿಗೆಗೆ ಹೋಗಿ ಒಳಗಿನಿಂದ ಬಾಗಿಲು ಹಾಕಿಕೊಂಡರು. ಮರುದಿನ ಬೆಳಿಗ್ಗೆ ಹಾಲಿನವನಿಗೆ ಬಾಗಿಲ ಸಂದಿಯಿಂದಲೇ ತಮಗೆ ಪ್ಲೇಗು ಎಂದು ಕೂಗಿ ಹೇಳಿದರು; ಸರ್ಕಾರಿ ನೌಕರರಲ್ಲವೇ, ಮಾಹಿತಿ ಮುಚ್ಚಿಡಬಾರದು. ಮಧ್ಯಾಹ್ನದೊಳಗೆ ಬೀದಿಯ ಜನ ನಮ್ಮ ಮನೆಯ ಮುಂದೆ ಬಂದೊಡನೆ ಆಚೆ ಬದಿಗೆ ದಾಟತೊಡಗಿದರು. ಅವ್ವ ನಾಲ್ಕು ಮನೆಯ ಬಾಗಿಲು ತಟ್ಟಿ ಬಂದಳು. ಯಾರೂ ತೆರೆಯಲಿಲ್ಲ. ಅಲ್ಲಿಯವರೆಗೆ ಅಪ್ಪನನ್ನು ನೋಡಿ ಒಳಗೊಳಗೇ ನಗುತ್ತಿದ್ದ ನನಗೆ ಅವ್ವನ ಮುಖ ನೋಡಿ ಭಯವಾಯಿತು.

ಆಗ ಹಿತ್ತಲಲ್ಲಿ ಮುಳ್ಳು ಎಳೆಯುವ ಸದ್ದು ಕೇಳಿತು. ಖೈರುನ್ ಆಂಟಿ ಬರಿಗೈಯಲ್ಲಿ ಮುಳ್ಳು ಸರಿಸಿ ಈಚೆ ಬರುತ್ತಿದ್ದರು. ಹಿಂದೆ ಗಂಜಿಯ ಪಾತ್ರೆ ಹಿಡಿದ ಸತ್ತಾರ್ ಭಾಯಿ.

"ಒಂದ್ ಮಾತು ಹೇಳ್ಬಾರ್ದಾಗಿತ್ತಾ ಅಕ್ಕಾ?"

"ಒಳಕ್ಕೆ ಬರಬ್ಯಾಡಿ. ನನಗೆ ಪ್ಲೇಗು ಬಂದದೆ" ಎಂದರು ಅಪ್ಪ, ಕೊಟ್ಟಿಗೆಯಿಂದ.

"ಬಂದ್ರೆ ಬರ್ಲಿ ಬುಡಿ ಸ್ವಾಮಿ. ಡಾಕ್ಟ್ರ ತಾವ ಹೋಗನ, ಏಳಿ."

ಸತ್ತಾರ್ ಭಾಯಿ ಹೆಗಲು ಕೊಟ್ಟು ಬಾಗಿಲು ನೂಕಿದರು. ಅಪ್ಪನನ್ನು ತಬ್ಬಿ ಎತ್ತಿಕೊಂಡು ಹೋಗಿ, ತಮ್ಮ ಟೆಂಪೊದಲ್ಲಿ ಎಲೆಕೋಸಿನ ಮೂಟೆಗಳ ನಡುವೆ ಕೂರಿಸಿದರು. ಡಾಕ್ಟರು ಮಳೆಯಲ್ಲಿ ನೆನೆದು ಬಂದ ಜ್ವರ ಎಂದು ಹೇಳಿ, ಮಾತ್ರೆ ಕೊಟ್ಟು ಕಳಿಸಿದರು. ಅಷ್ಟು ಸಾಮಾನ್ಯವಾದ ಜ್ವರ ತಮಗೆ ಬಂದದ್ದು ಅಪ್ಪನಿಗೆ ಕೊಂಚ ಅವಮಾನವಾದಂತಿತ್ತು.

ಮನೆಗೆ ಬಂದ ಮೇಲೆ ಖೈರುನ್ ಆಂಟಿ ಗಂಜಿ ಬಿಸಿಮಾಡಿ ತಂದು ಅವರ ಕೈಗೇ ಕೊಟ್ಟರು. ಅಪ್ಪ ಎರಡು ಗುಟುಕು ಕುಡಿದು ಗೋಡೆಯ ಕಡೆ ತಿರುಗಿಕೊಂಡರು. ಅವರ ಹೆಗಲು ಅಲುಗುತ್ತಿತ್ತು. ನನಗೆ ಏನೂ ಅರ್ಥವಾಗಲಿಲ್ಲ. ಒಲೆಯ ಮುಂದೆ ಅವ್ವ ಮೆಲ್ಲಗೆ ಹೇಳಿದಳು.

"ಅವರವ್ವ ಪ್ಲೇಗ್ನಲ್ಲೇ ಹೋಗಿದ್ದು ಕಣಮ್ಮಿ. ಊರೋರೆಲ್ಲ ಹೊಲ್ದಲ್ಲಿ ಗುಡ್ಲಾಕ್ಕೊಂಡು ಹೊಂಟೋಗಿದ್ರಂತೆ. ಇವ್ರ ಬಾಗ್ಲಿಗೆ ಒಬ್ರೂ ಬರ್ಲಿಲ್ವಂತೆ. ಇವ್ರಿನ್ನೂ ಸಣ್ಣ ಮಗ ಆಗ, ಅವರವ್ವನ ಪಕ್ಕದಲ್ಲೇ ಕುಂತಿದ್ರಂತೆ."

ಸಂದಿಯಲ್ಲಿ ಉಳಿದ ಮುಳ್ಳನ್ನು ಆಮೇಲೆ ಅಪ್ಪನೇ ಕಿತ್ತು ಹಂಡೆಒಲೆಗೆ ಹಾಕಿದರು. "ಒಣಗಿದ್ವು, ಉರಿಗಾಯ್ತದೆ" ಎಂದರು, ಯಾರೂ ಕೇಳದಿದ್ದರೂ.

ಇಷ್ಟು ವರ್ಷ ಈ ಕಥೆಯನ್ನು ಇಲಿ ಸಾಕಿದಲ್ಲಿಗೇ ನಿಲ್ಲಿಸಿ ನೆಂಟರನ್ನು ನಗಿಸುತ್ತಿದ್ದೆ. ಇರುವವರೆಗೂ ಅಪ್ಪ ಕೂಡ ಜೊತೆಗೆ ನಗುತ್ತಿದ್ದರು. ಉಳಿದರ್ಧ ಹೇಳಿದ್ದು ಇವತ್ತೇ, ನಿಮಗೇ.

ಈಗ ನಾನಿರುವುದು ಚಾಮರಾಜನಗರದಲ್ಲಿ. ಪಕ್ಕದ ಮನೆಗೆ ಬಾಡಿಗೆಗೆ ಬಂದವರ ಪರಿಚಯ ನನಗೆ ಅವರ ಸ್ಕೂಟರಿನ ಸದ್ದಿನಷ್ಟೇ. ಬರೆಯುವುದನ್ನು ಇಲ್ಲಿಗೆ ಬಿಟ್ಟು ಎದ್ದುಹೋಗಿ ಅವರ ಬಾಗಿಲು ತಟ್ಟಿದೆ. ಹೆಸರು ಕೇಳಿದೆ. ಬಾಗಿಲು ತೆರೆದ ಹೆಂಗಸು ಹೆಸರು ಹೇಳಿ, ನನ್ನ ಮುಖ ನೋಡುತ್ತ, "ಯಾಕೆ, ನಿಮ್ಮನೇಲಿ ಏನಾದ್ರೂ ತೊಂದ್ರೆನಾ?" ಎಂದು ಕೇಳಿದರು.

ಏನೂ ಇಲ್ಲ, ಸುಮ್ಮನೆ ಬಂದೆ ಎಂದೆ. ಅವರು ನಂಬಲಿಲ್ಲ. ಆದರೂ ಒಳಗೆ ಬನ್ನಿ ಎಂದರು.