ಜಂಗ್ಲಿಸಾಬ ಮಲಗಿದ್ದ ಜಾಗ

ನಮ್ಮಪ್ಪ ಪ್ರಭುಲಿಂಗಪ್ಪ ಅಸೂಟಿಯವನು. ಕೆರೆ ಬಿಟ್ಟರೆ ಬೇರೆ ನೀರು ಕಾಣದ ಊರಿನಿಂದ ಅವನೂ ಅವನ ಗೆಳೆಯ ಜಂಗ್ಲಿಸಾಬನೂ ಒಂದೇ ದಿನ ನೌಕಾಪಡೆ ಸೇರಿದರು. ಅಪ್ಪ ಪೆನ್ಶನ್ ಹಚ್ಚಿಸಿಕೊಂಡು ಊರಿಗೆ ಬಂದ. ಜಂಗ್ಲಿಸಾಬ ಅದಕ್ಕೂ ಮೊದಲೇ, ಮೂವತ್ತೊಂದು ವರ್ಷದ ಹಿಂದೆ, ಪೆಟ್ಟಿಗೆಯಲ್ಲಿ ಬಂದ. ಹಡಗಿಗೆ ಬೆಂಕಿ ಬಿದ್ದಿತ್ತು. ಮದುವೆಯಾಗಿ ಎಂಟು ತಿಂಗಳಾಗಿದ್ದ ಅವನ ಹೆಂಡತಿ ಖಾಜಾಬಿಗೆ ಅಪ್ಪ ಒಂದೇ ಮಾತು ಹೇಳಿದ: ಮಲಗಿದ್ದಲ್ಲೇ ಹೊಗೆ ಕುಡಿದು ಹೋದ, ಎಚ್ಚರವೇ ಆಗಲಿಲ್ಲ.

ಖಾಜಾಬಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಗಜೇಂದ್ರಗಡದಲ್ಲಿ ಮಗ್ಗದ ಕೆಲಸ ಮಾಡಿಕೊಂಡು ಒಬ್ಬಳೇ ಉಳಿದಳು. ಆ ವರ್ಷದಿಂದ ಅಪ್ಪ ಪಂಚಮಿ ಹಬ್ಬಕ್ಕೆ ಅವಳನ್ನು ತವರಿಗೆ ಕರೆಯುವಂತೆ ನಮ್ಮ ಮನೆಗೆ ಕರೆತರತೊಡಗಿದ. ಸ್ವಂತ ತಂಗಿಯರಿಗೆ ತಪ್ಪಿಸಿದ್ದುಂಟು, ಅವಳಿಗೆ ಒಮ್ಮೆಯೂ ತಪ್ಪಿಸಲಿಲ್ಲ. ಸೀರೆ ಉಡಿಸಿ, ಉಂಡಿ ಕಟ್ಟಿ ಕಳಿಸುವನು. ನಮಗೆಲ್ಲ ಅವಳು ಅತ್ತಿ. ಇಂಥ ಅಣ್ಣ ಸಿಗಲು ಪುಣ್ಯ ಮಾಡಿರಬೇಕು ಎಂದು ಊರು ಹೊಗಳುತ್ತಿತ್ತು, ನಾನೂ ಬೀಗುತ್ತಿದ್ದೆ.

ಈಗ ಆ ಹಡಗು ಪಡುವಣ ದಂಡೆಯ ಒಂದು ಬಂದರಿನಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿದೆ. ಹಳೆಯ ನಾವಿಕರ ಕುಟುಂಬದವರು ಒಂದು ರಾತ್ರಿ ಅದರಲ್ಲೇ ತಂಗಬಹುದು. ಹಾಗೆಂದು ಪತ್ರ ಬಂದಾಗ ಅಪ್ಪ ಅದನ್ನು ಮಡಚಿ ಹಾಸಿಗೆಯ ಕೆಳಗಿಟ್ಟ. ನಾನು ದೊಡ್ಡ ಜಾಣನಂತೆ ಖಾಜಾಬಿ ಅತ್ತಿಗೆ ಫೋನ್ ಮಾಡಿದೆ. ಗಂಡ ಕಡೆಯ ಸಲ ಮಲಗಿದ ಜಾಗದಲ್ಲಿ ಒಂದು ರಾತ್ರಿ ಮಲಗಬೇಕು, ಮತ್ತೇನೂ ಬೇಡ ಎಂದು ಅವಳು ಹಟ ಹಿಡಿದಳು. ಅಪ್ಪನಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ.

ಅಪ್ಪ, ಅತ್ತಿ, ನಾನು, ನನ್ನ ಮಗಳು ಚಿನ್ನು ಹೋದೆವು. ಒಂದರ ಮೇಲೊಂದು ಮೂರು ಕಬ್ಬಿಣದ ಮಂಚಗಳಿದ್ದವು; ಅಪ್ಪ ಕೆಳಗಿನದನ್ನು ತೋರಿಸಿದ. ಅತ್ತಿ ಅದನ್ನು ಸೆರಗಿನಿಂದ ಒರೆಸಿ, ತಂದಿದ್ದ ರೊಟ್ಟಿ-ಬೆಲ್ಲದ ಮಲೀದಾ ದಿಂಬಿನ ಬಳಿ ಇಟ್ಟು ಗಂಡನ ಹೆಸರಲ್ಲಿ ಫಾತಿಹಾ ಓದಿದಳು. ಆಮೇಲೆ ಅಲ್ಲಿಯೇ ಮಲಗಿ ಗಾಢ ನಿದ್ದೆ ಮಾಡಿದಳು. ಅಪ್ಪ ಮಾತ್ರ ಮಲಗಲಿಲ್ಲ.

ಮುಂಜಾನೆ ಚಿನ್ನು ಕೆಳಗೆಲ್ಲ ತಿರುಗಾಡಿ ಬಂದಳು. ಇಂಜಿನ್ ರೂಮಿನ ಬಾಗಿಲ ಮೇಲೆ ಹಿತ್ತಾಳೆಯ ಫಲಕವಿದೆ, ಜಂಗ್ಲಿಸಾಬ ಅಜ್ಜ ಇದರೊಳಗೆ ಕೆಲಸದ ಮೇಲಿದ್ದಾಗ ತೀರಿಕೊಂಡ ಎಂದು ಬರೆದಿದೆ ಎಂದಳು. ಖಾಜಾಬಿ ಅತ್ತಿಗೆ ಅಕ್ಷರ ಬಾರದು. ಇಳಿದು ಹೋಗಿ ಅಕ್ಷರಗಳನ್ನು ಬೆರಳಿನಿಂದ ಮುಟ್ಟಿದಳು. ಒಳಗೆ ಬೆಂಕಿ ಬಿದ್ದರೆ ಬಾಗಿಲನ್ನು ಹೊರಗಿನಿಂದ ಬಿಗಿದು ಗಾಳಿ ಕಟ್ಟುವುದು ಹಡಗಿನ ಪದ್ಧತಿ ಎಂದು ಚಿನ್ನು ಫಲಕದ ಉಳಿದ ಸಾಲನ್ನೂ ಓದಿದಳು. ಅಪ್ಪ ಮೆಟ್ಟಿಲ ಮೇಲೆಯೇ ನಿಂತಿದ್ದ.

“ಬಾಗಲಾ ಯಾರ ಹಾಕಿದ್ರು, ಅಣ್ಣಾ?”

“ನಾನ ಹಾಕಿದೆ, ತಂಗಿ. ಮ್ಯಾಲಿನವರ ಹುಕುಂ ಇತ್ತು. ಇಲ್ಲಾಂದ್ರ ನೂರು ಮಂದಿ ಸಾಯ್ತಿದ್ರು.”

“ಒಳಗಿಂದ ಬಡದ್ರೇನು?”

“ಬಡದಾ.”

ಎಷ್ಟು ಹೊತ್ತು ಎಂದು ಅತ್ತಿ ಕೇಳಿದಳು. ಅಪ್ಪ ಅಳತೊಡಗಿದ. ನನಗೆ ಅವನ ಮೇಲೆ ಸಿಟ್ಟು ಬಂತು, ಮರುಕವೂ ಬಂತು.

“ಹುಕುಂ ಇತ್ತು, ಹಾಕಿದ್ರಿ. ಅದನ್ನ ಅಲ್ಲಾ ನೋಡ್ಕೋತಾನ,” ಎಂದಳು ಅತ್ತಿ. “ಅವರು ನಿದ್ದ್ಯಾಗ ಹೋದ್ರು ಅಂತ ತಿಳ್ಕೊಂಡು ನಾ ಇಷ್ಟ ವರ್ಷ ನಿಮ್ಮ ಮನ್ಯಾಗ ನಕ್ಕೋಂತ ಉಂಡೀನಲ್ಲ, ಅದನ್ನ ಯಾರ ನೋಡ್ಬೇಕು?”

ಮಲೀದಾ ತಂದು ಆ ಬಾಗಿಲ ಬುಡದಲ್ಲಿಟ್ಟು ಮತ್ತೊಮ್ಮೆ ಫಾತಿಹಾ ಓದಿದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಚಿನ್ನುವಿನ ಪಕ್ಕ ಕುಳಿತಳು. ಗಜೇಂದ್ರಗಡ ಬಂದಾಗ ಅಪ್ಪ ಚೀಲ ಇಳಿಸಿಕೊಡಲು ಎದ್ದ.

“ಇರ್ಲಿ ಬಿಡ್ರಿ, ಪ್ರಭುಲಿಂಗಪ್ಪನವರ,” ಎಂದಳು.

ಅಪ್ಪನ ಹೆಸರನ್ನು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.